ಗಾಳಿಗೆ ಅಡ್ಡ ಓಡಿದ ಶಿರಾ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ದೊಡ್ಡ ಬೋಗಾಣಿ ತುಂಬ ರವೆಯ ಶಿರಾ.

ಕರೋಶಿ ಕಡೆಯ ಸಕ್ಕರೆ ಕಾರ್ಖಾನೆಯೊಂದರ ವಿದ್ಯುತ್ ಘಟಕದಲ್ಲಿ ಮಾಳೇಶ ಸುರಕ್ಷಾ ವಿಭಾಗದ ಹಂಗಾಮಿ ನೌಕರ. ನೀರು ಶುದ್ಧ ಮಾಡುವ ಕ್ಲೋರಿನ್ ಸೋರಿದರೆ ಪಕ್ಕದ ತೋಟದ ವಸ್ತಿಯ ಜನರನ್ನು ಹೇಗೆ ಪಾರು ಮಾಡಬೇಕೆಂಬ ಅಣಕು ಪ್ರದರ್ಶನ ಅಂದು. ನೋಡಲು ಬೆಳಗಾವಿಯಿಂದ ಸುರಕ್ಷಾ ಅಧಿಕಾರಿ ಉಜ್ವಲಾ ಮೇಡಂ ಬರುವವರಿದ್ದರು. ಅವರು ಭೇಷ್ ಅಂದರೆ ನೌಕರಿ ಕಾಯಂ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು.

ಆದರೆ ವಸ್ತಿಯವರು ಮನೆ ಬಿಟ್ಟು ಏಳಬೇಕಲ್ಲ! ಬೆಳಿಗ್ಗೆಯೇ ಮಾಳೇಶ ಮನೆಮನೆಗೆ ತಿರುಗಿದ. ಮುದುಕಿ ಲಕ್ಕವ್ವ ಎಮ್ಮೆ ಹಿಂಡುತ್ತಿದ್ದಳು.

"ಆಯಿ, ಸೈರನ್ ಊದಿದ ಕೂಡ್ಲೆ ಹೊರಗ ಬರ್ಬೇಕ. ವಿಷದ ಗಾಳಿ ಬರ್ತೈತಿ."

"ಖರೇನ ಬರ್ತೈತೇನೋ?"

"ಇಲ್ಲ, ಇವತ್ತ ಸುಳ್ಳ ಗಾಳಿ."

"ಸುಳ್ಳ ಗಾಳಿಗೆ ಅಂಜಿ ಖರೇ ಎಮ್ಮಿ ಬಿಟ್ಟ ಬರ್ಲೇನು?"

ಎಲ್ಲ ಮನೆಯಲ್ಲೂ ಇದೇ ಹಾಡು. ಕೊನೆಗೆ ಮಾಳೇಶನ ಬಾಯಿಂದ ತಪ್ಪಿ ಮಾತು ಬಂತು: "ಶಾಲೆ ಬಯಲಿಗೆ ಬಂದವರಿಗೆಲ್ಲಾ ಶಿರಾ ಐತ್ರಿ!"

ಕ್ಯಾಂಟೀನಿನ ಅಡುಗೆಯವ ಮುರಗೆಪ್ಪನ ಕೈಕಾಲು ಹಿಡಿದು ಶಿರಾ ಮಾಡಿಸಿದ್ದಾಯಿತು. ಸೈರನ್ ಊದುವ ಮೊದಲೇ ಇಡೀ ವಸ್ತಿ ತಾಟು ಹಿಡಿದು ಪಂಕ್ತಿಯಲ್ಲಿ ಕೂತಿತ್ತು. ಲಕ್ಕವ್ವ ಎಮ್ಮೆಯನ್ನೂ ಹೊಡೆದುಕೊಂಡು ಬಂದಿದ್ದಳು. ಮಾಳೇಶನಿಗೆ ಕಾಯಂ ಆದಷ್ಟೇ ಖುಷಿಯಾಯಿತು.

ಮೇಡಂ ಬಂದರು. ಸೈರನ್ ಊದಿತು. ಯಾರೂ ತಲೆಯೆತ್ತಲಿಲ್ಲ. ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿ, ಗಾಳಿಯ ದಿಕ್ಕು ತೋರಲೆಂದು ಘಟಕದ ಮೇಲೆ ಕಟ್ಟಿದ್ದ ಬಟ್ಟೆಯ ಚೀಲ ನೆಟ್ಟಗೆ ಶಾಲೆ ಬಯಲಿನತ್ತ ಬಾಲ ತಿರುಗಿಸಿತು.

"ಏನ್ರೀ ಇದು? ಕ್ಲೋರಿನ್ ಇವರ ಮೇಲೇ ಬರುತ್ತೆ! ಗಾಳಿಗೆ ಅಡ್ಡವಾಗಿ, ಆ ಗುಡಿಯ ದಿಬ್ಬಕ್ಕೆ ಕಳಿಸಿ," ಎಂದ ಮೇಡಂ ತಾವೇ ಮುಂದಾಗಿ ಮ್ಯಾನೇಜರ್ ಜೊತೆ ಜೀಪಿನಲ್ಲಿ ದಿಬ್ಬಕ್ಕೆ ಹೋದರು.

"ಏಳ್ರಿ! ನೀವೆಲ್ಲಾ ಸತ್ತೀರಿ!" ಮಾಳೇಶ ಅರಚಿದ.

"ಸತ್ತಮ್ಯಾಲ ಯಾಕ ಓಡೂದಲೇ? ಮದ್ಲ ಬಡಸು," ಎಂದ ಪಂಕ್ತಿಯಲ್ಲಿ ಕೂತಿದ್ದ ಜಕ್ಕಪ್ಪ, ತಾಟು ಬಡಿಯುತ್ತ.

ಮಾಳೇಶನಿಗೆ ಅಳು ಬಂತು. ಅಳುವಿನ ಹಿಂದೆಯೇ ಉಪಾಯವೂ ಬಂತು. "ಮುರಗೆಪ್ಪಣ್ಣಾ, ಆ ಕಿವಿ ಹಿಡಿ!" ಎಂದು ತಾನು ಬೋಗಾಣಿಯ ಈಚೆ ಕಿವಿ ಹಿಡಿದು ದಿಬ್ಬದ ಕಡೆ ಓಟ ಕಿತ್ತ.

"ಅಯ್ಯಯ್ಯ, ಶಿರಾ ಹೊಂಟೈತ್ರೋ!"

ಮಂಡಿನೋವಿನವರು, ಮಕ್ಕಳೊಂದಿಗರು, ಎಮ್ಮೆ ಸಮೇತ ಲಕ್ಕವ್ವ, ಎಲ್ಲರೂ ಬೆನ್ನುಹತ್ತಿದರು. ಅರ್ಧ ದಾರಿಯಲ್ಲಿ ನೀರು ಹಾಯಿಸಿದ ಕಬ್ಬಿನ ಗದ್ದೆ. ಮಾಳೇಶ ಜಾರಿ ಕೆಸರಿನಲ್ಲಿ ಮಕಾಡೆ ಬಿದ್ದ. ಮುರಗೆಪ್ಪ ಶಿರಾ ಚೆಲ್ಲಗೊಡುವ ಆಸಾಮಿಯಲ್ಲ. ಬೋಗಾಣಿ ತಲೆಗೇರಿಸಿ ಒಬ್ಬನೇ ಓಡಿದ. ವಸ್ತಿಯೆಲ್ಲ ಮಾಳೇಶನನ್ನು ದಾಟಿಕೊಂಡು ಹೋಯಿತು. ಎಮ್ಮೆ ಮಾತ್ರ ನಿಂತು ಒಮ್ಮೆ ಮೂಸಿತು.

ಮೈಗೆಲ್ಲ ಕೆಸರು ಮೆತ್ತಿಕೊಂಡು ಮಾಳೇಶ ದಿಬ್ಬ ಹತ್ತಿದಾಗ ಎಲ್ಲರ ಬಾಯಲ್ಲೂ ಶಿರಾ. ಮೇಡಂ ಮುರಗೆಪ್ಪನ ಬೆನ್ನು ತಟ್ಟುತ್ತಿದ್ದರು.

"ಸೈರನ್ನಿಗೆ ಜಗ್ಗದ ಜನರನ್ನ ಹೇಗೆ ಕರೆತಂದರು ನೋಡಿ! ಸುರಕ್ಷಾ ವಿಭಾಗಕ್ಕೆ ಇಂಥವರೇ ಬೇಕು. ಇವರನ್ನ ಇವತ್ತೇ ಕಾಯಂ ಮಾಡಿ."

"ಆತ್ರಿ ಮೇಡಂ!" ಮ್ಯಾನೇಜರ್ ತಲೆಯಾಡಿಸಿದರು.

ಮಾಳೇಶ ಮ್ಯಾನೇಜರ್ ಎದುರು ನುಗ್ಗಿ ಬಂದ. "ಸಾಹೇಬ್ರ, ಹಂಗಾರ ನಂದ ಹ್ಯಾಂಗ್ರಿ?"

ಮ್ಯಾನೇಜರ್ ಅವನ ಕೈಗೆ ಸೌಟು ಕೊಟ್ಟರು. "ಚಿಂತಿ ಯಾಕ? ಮುರಗೆಪ್ಪನ ಜಾಗಾ ಖಾಲಿ ಆತಲ್ಲ. ನಾಳಿಂದ ಕ್ಯಾಂಟೀನ್ ನೀನ ನೋಡ್ಕೋ. ಸದ್ಯಕ್ಕ ಹಂಗಾಮಿ."