ಹಿಂದೆ ಒಬ್ಬರಾದರೂ ಇರಬೇಕು

ಆ ಬಾವುಟವನ್ನು ಸ್ಟೋರ್‌ಕೀಪರ್ ಇಸಿದುಕೊಳ್ಳಬಾರದಿತ್ತು. ಆದರೆ ಅವರ ಕಸುಬೇ ಅಂಥದ್ದು. ಫ್ಯಾನ್ ತಯಾರಿಸುವ ಕಾರ್ಖಾನೆಯ ಉಗ್ರಾಣದಲ್ಲಿ ಕೂತೂ ಕೂತೂ, ಯಾರಾದರೂ "ಸ್ವಲ್ಪ ಇಟ್ಕೊಂಡಿರಿ" ಅಂದರೆ ಸಾಕು, ಏನು ಯಾಕೆ ಅಂತ ಕೇಳುವ ಮೊದಲೇ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಒಮ್ಮೆ ಇಸಿದುಕೊಂಡರೆಂದರೆ ಮುಗಿಯಿತು. ವಾರಸುದಾರ ಬಂದು ಕೇಳುವ ತನಕ ಕೆಳಗಿಡುವ ಆಸಾಮಿಯಲ್ಲ.

ಓಟಕ್ಕೆ ಇನ್ನೇನು ಪಿಸ್ತೂಲು ಹಾರಿಸಬೇಕು. ಬೆಳಗಿನ ಚಳಿಗೆ ಜನ ಕೈಕಾಲು ಝಾಡಿಸುತ್ತಾ ನಿಂತಿದ್ದರು. ಬಾವುಟ ಹಿಡಿದಿದ್ದ ತೆಳ್ಳಗಿನ ಮನುಷ್ಯನೊಬ್ಬ ಹೊಟ್ಟೆ ಒತ್ತಿಕೊಂಡು ಇವರ ಹತ್ತಿರ ಬಂದ.

"ಸಾರ್, ಒಂದ್ನಿಮಿಷ ಇದನ್ನ ಹಿಡ್ಕೊಂಡಿರ್ತೀರಾ? ತುಂಬಾ ಅರ್ಜೆಂಟು."

ಹಿಡಿದುಕೊಂಡರು. ಅವನು ರಸ್ತೆಬದಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ಪ್ಲಾಸ್ಟಿಕ್ ಪಾಯಿಖಾನೆಗಳ ಪೈಕಿ ಒಂದರೊಳಗೆ ಹೊಕ್ಕ. ಬಾಗಿಲು ಮುಚ್ಚಿದ್ದು ಕಂಡಿತು. ತೆರೆದದ್ದು ಕಾಣಲಿಲ್ಲ.

ಇದು ಸ್ಟೋರ್‌ಕೀಪರ್‌ಗೆ ಐದನೆಯ ಅರ್ಧ ಮ್ಯಾರಥಾನ್. ಇಪ್ಪತ್ತೊಂದು ಕಿಲೋಮೀಟರ್, ಮೇಲಷ್ಟು ಚಿಲ್ಲರೆ. ಹಿಂದಿನ ನಾಲ್ಕರಲ್ಲೂ ಅವರೇ ಕೊನೆ. ಅವರ ಓಟ ಒಂದನೇ ನಂಬರಿಗಿಟ್ಟ ಫ್ಯಾನಿನ ಹಾಗೆ, ತಿರುಗುತ್ತಿದೆ ಅಂತ ನಂಬಬೇಕು ಅಷ್ಟೆ. ಮೊದಲ ಸಲ ಅವರು ಮುಟ್ಟುವ ಹೊತ್ತಿಗೆ ಓಟ ಮುಗಿಯುವ ಗೆರೆಯ ಮೇಲಿನ ರಬ್ಬರು ಕಮಾನಿನ ಗಾಳಿ ಬಿಡುತ್ತಿದ್ದರು. ಅದು ಬುಸ್ಸೆಂದು ಇವರ ತಲೆಯ ಮೇಲೆಯೇ ಮಲಗಿಕೊಂಡಿತು. ಎರಡನೆಯ ಸಲ ಗೆರೆಯ ಮೇಲೆ ಯಾರೋ ಕಾರು ನಿಲ್ಲಿಸಿದ್ದರು. ಮೂರನೆಯ ಸಲ ಮಗುವಿನ ತಳ್ಳುಗಾಡಿ ತಳ್ಳಿಕೊಂಡು ತರಕಾರಿಗೆ ಹೊರಟಿದ್ದ ಹೆಂಗಸೊಬ್ಬಳು, ಓಟಕ್ಕೂ ಅವಳಿಗೂ ಸಂಬಂಧವೇ ಇಲ್ಲ, ಇವರನ್ನು ದಾಟಿ ಹೋದಳು. ನಾಲ್ಕನೆಯ ಸಲ ಹಿಂದೆ ಒಬ್ಬ ಬರುತ್ತಿದ್ದಾನೆ ಅಂತ ದಾರಿಯುದ್ದಕ್ಕೂ ಹಿಗ್ಗಿದರು. ಅವನು ರಸ್ತೆಯ ಮೇಲಿಟ್ಟ ರಬ್ಬರು ಕಂಬಗಳನ್ನು ಎತ್ತಿಕೊಂಡು ಬರುವವನು.

ಮನೆಗೆ ಹೋದರೆ ಹೆಂಡತಿ ಎಷ್ಟು ಹೊತ್ತಾಯಿತು, ಕಾಲು ನೋಯುತ್ತಾ ಅಂತ ಕೇಳುತ್ತಿರಲಿಲ್ಲ. ಒಂದೇ ಪ್ರಶ್ನೆ: "ಹಿಂದೆ ಯಾರಾದ್ರೂ ಇದ್ರಾ?"

ಇವತ್ತು ಬೆಳಿಗ್ಗೆ ಹೊದಿಕೆಯೊಳಗಿಂದಲೇ ಹೇಳಿದ್ದಳು, "ರೀ, ನನ್ ತಂಗಿ ಪ್ರತಿ ಸಲ ಫೋನ್ ಮಾಡಿ ವಿಚಾರಿಸ್ತಾಳೆ. ನಗೋದಕ್ಕೇ ವಿಚಾರಿಸೋದು. ಇವತ್ತೂ ನೀವೇ ಕೊನೆ ಆದ್ರೆ ಈ ಹುಚ್ಚು ಬಿಟ್ಬಿಡಿ."

"ಬಿಡ್ತೀನಿ ಕಣೆ. ಒಬ್ಬರು, ಒಬ್ಬರೇ ಒಬ್ಬರು ನನ್ನ ಹಿಂದೆ ಇಲ್ಲದಿದ್ರೆ ಇದೇ ಕೊನೇ ಓಟ" ಅಂತ ಮಾತು ಕೊಟ್ಟು ಬಂದಿದ್ದರು.

ಪಿಸ್ತೂಲು ಹಾರಿತು. ಹಿಂದಿನಿಂದ ಜನ ನೂಕಿದರು. ಸ್ಟೋರ್‌ಕೀಪರ್ ಬಾವುಟ ಎತ್ತಿ ಹಿಡಿದು, ಪಾಯಿಖಾನೆಯ ಕಡೆ ಕತ್ತು ತಿರುಗಿಸಿಕೊಂಡೇ ಮುಂದಕ್ಕೆ ಹೋದರು. ಆಗಲೇ ಅವರು ಅದರ ಮೇಲೇನು ಬರೆದಿದೆ ಅಂತ ನೋಡಿದ್ದು: "ಎರಡೂವರೆ ಗಂಟೆ". ಅದು ಪೇಸರ್ ಬಾವುಟ. ಅದನ್ನು ಹಿಡಿದವನು ಅದರ ಮೇಲೆ ಬರೆದ ಹೊತ್ತಿಗೆ ಸರಿಯಾಗಿ ಗೆರೆ ಮುಟ್ಟಬೇಕು. ಮಿಕ್ಕವರು ಅವನನ್ನು ನಂಬಿಕೊಂಡು ಹಿಂದೆ ಬರುತ್ತಾರೆ. ಇವರು ಎರಡೂವರೆ ಗಂಟೆಯಲ್ಲಿ ಮುಟ್ಟಬೇಕಾದರೆ ಬಸ್ಸು ಹತ್ತಬೇಕು.

"ಅರೆರೆ, ನೀವಾ ಪೇಸರ್ರು!" ಬೆನ್ನಿಗೆ ಧಡ್ಡನೆ ಏಟು ಬಿತ್ತು. ತಿರುಗಿ ನೋಡಿದರೆ ಕಾರ್ಖಾನೆಯ ಮ್ಯಾನೇಜರ್. ಹೊಸ ಬೂಟು, ಹೊಸ ಟೋಪಿ, ಹಳೇ ಹೊಟ್ಟೆ. "ಎರಡೂವರೆ ಗಂಟೇಲಿ ಮುಗಿಸ್ತೀನಿ ಅಂತ ಇಡೀ ಆಫೀಸಿಗೆ ಹೇಳ್ಬಿಟ್ಟಿದೀನಿ ಕಣ್ರೀ. ಹೆದರಿ ಸಾಯ್ತಿದ್ದೆ. ನೀವಿದೀರಲ್ಲ, ಬಚಾವಾದೆ."

"ಸಾರ್, ನಾನು ಪೇಸರ್ ಅಲ್ಲ. ಅವರು ಪಾಯಿಖಾನೆಗೆ ಹೋಗಿದಾರೆ."

"ನಿಮ್ಮ ಈ ವಿನಯಾನೇ ನಂಗೆ ಇಷ್ಟ ಆಗೋದು!"

ಎಡಗಡೆಯಿಂದ ಪಕ್ಕದ ಮನೆಯ ಟೀಚರಮ್ಮ ಬಂದರು. ನಿವೃತ್ತಿಯಾಗಿ ವರ್ಷಗಳಾಗಿದ್ದರೂ ಗಂಟಲು ಮಾತ್ರ ಇನ್ನೂ ನೌಕರಿಯಲ್ಲಿತ್ತು. "ನಮ್ಮ ಕಾಂಪೌಂಡ್ ಪಕ್ಕದವರು ನೋಡ್ರಪ್ಪಾ! ಎಲ್ಲರೂ ಇವರ ಹಿಂದೆ ಬನ್ನಿ. ಸಾಲು ತಪ್ಪಬಾರ್ದು!"

ಮೂವತ್ತು ನಲವತ್ತು ಜನ ತಕ್ಷಣ ಸಾಲಾದರು.

ನೀರು ಕೊಡುವ ಮೊದಲ ಮೇಜು ಬಂತು. ಅಲ್ಲಿದ್ದ ಹುಡುಗಿಯ ಕೈಗೆ ಸ್ಟೋರ್‌ಕೀಪರ್ ಮೆಲ್ಲಗೆ ಬಾವುಟ ಕೊಟ್ಟು, "ಜೋಪಾನಮ್ಮಾ, ಇದರ ಯಜಮಾನರು ಬರ್ತಾರೆ" ಅಂದು ಮುಂದೆ ಸರಿದರು. ಹತ್ತು ಹೆಜ್ಜೆ ಹೋಗಿರಲಿಲ್ಲ, ಅವಳು ಏದುಸಿರು ಬಿಡುತ್ತಾ ಓಡಿ ಬಂದಳು. "ಅಂಕಲ್, ಬಾವುಟ ಮರ್ತು ಹೋಗ್ತಿದೀರಾ!" ಎಲ್ಲರೂ ಅವಳಿಗೆ ಚಪ್ಪಾಳೆ ತಟ್ಟಿದರು.

ಮ್ಯಾನೇಜರ್ ಕೈಗೆ ಕೊಟ್ಟು ನೋಡಿದರು. ಅವರು ಅದರಿಂದ ಕತ್ತಿಗೆ ಗಾಳಿ ಹಾಕಿಕೊಂಡು, ಮೂಗು ಒರೆಸಿಕೊಳ್ಳಲು ಹೋಗಿ ಸಂಕೋಚಪಟ್ಟು, ವಾಪಸು ಕೊಟ್ಟರು.

ಇನ್ನು ಉಳಿದದ್ದು ಒಂದೇ ಉಪಾಯ. ತಾವು ತಮ್ಮ ಮಾಮೂಲಿ ನಡೆಗೆ ಇಳಿದುಬಿಡುವುದು. ಜನ ತಾವಾಗಿಯೇ ಬೇಸತ್ತು ಮುಂದೆ ಹೋಗಲಿ, ಪಾಪ, ಅವರ ಓಟ ಯಾಕೆ ಹಾಳಾಗಬೇಕು ಅಂದುಕೊಂಡು ಸ್ಟೋರ್‌ಕೀಪರ್ ನಿಧಾನ ಮಾಡಿದರು.

ಹಿಂದಿನವರೂ ನಿಧಾನ ಮಾಡಿದರು.

"ನೋಡಿದ್ರಾ, ಕೊನೇಗೆ ಬೇಕು ಅಂತ ಶಕ್ತಿ ಉಳಿಸ್ತಿದಾರೆ" ಅಂದರು ಮ್ಯಾನೇಜರ್. "ಅನುಭವ ಅಂದ್ರೆ ಇದು."

ಇನ್ನೂ ನಿಧಾನ ಮಾಡಿದರು. ಹಿಂದೆಲ್ಲೋ ಬರುತ್ತಿದ್ದವರೂ ಬಾವುಟ ಕಂಡು "ಅಬ್ಬ, ಸಮಯಕ್ಕೆ ಸರಿಯಾಗಿದೀವಿ" ಅಂತ ಉಸಿರು ಬಿಟ್ಟು ಅಲ್ಲೇ ಅಂಟಿಕೊಂಡರು. ಗಟ್ಟಿಮುಟ್ಟಾದ ಒಬ್ಬ ಯುವಕ ದಾಟಲು ನೋಡಿದಾಗ ಟೀಚರಮ್ಮ ಗದರಿದರು. "ಏ, ಎಲ್ಲಿಗೆ ಹೋಗ್ತಿದೀಯಾ? ಬಾವುಟ ಕಾಣಲ್ವಾ? ಸಾಲಿಗೆ ಬಾ!" ಅವನು ತಲೆ ತಗ್ಗಿಸಿ ಸಾಲಿಗೆ ಬಂದ.

"ಸಾರ್, ವಾಚು ನೋಡಿದ್ರೆ ಯಾಕೋ ತಡ ಆದ ಹಾಗಿದೆ" ಅಂತ ಯಾರೋ ಗೊಣಗಿದರು.

"ಪೇಸರ್ ಇರೋವಾಗ ವಾಚು ಯಾಕ್ರೀ ನೋಡ್ತೀರಾ?" ಮ್ಯಾನೇಜರ್ ತಮ್ಮ ವಾಚನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡರು. "ನಂದೂ ಮುಂದೆ ಓಡ್ತಿದೆ. ರಿಪೇರಿಗೆ ಕೊಡ್ಬೇಕು."

ದಾರಿ ಅರ್ಧ ಕಳೆದ ಮೇಲೆ, ಒಂದು ತಿರುವಿನಲ್ಲಿ, ಸ್ಟೋರ್‌ಕೀಪರ್ ಸುಮ್ಮನೆ ಹಿಂದಿರುಗಿ ನೋಡಿದರು. ನೋಡಿದವರು ಎಡವಿದರು. ರಸ್ತೆ ತುಂಬ ಜನ! ಅಷ್ಟೂ ಜನ ತಮ್ಮ ಹಿಂದೆ! ಒಬ್ಬರಲ್ಲ, ಇಬ್ಬರಲ್ಲ, ನೂರಕ್ಕೆ ಕಡಿಮೆಯಿಲ್ಲ. ನಾಲ್ಕು ಓಟದಲ್ಲಿ ಸಿಗದ ಒಬ್ಬ ಮನುಷ್ಯನಿಗಾಗಿ ಪರದಾಡಿದವರಿಗೆ ಒಂದು ಊರೇ ಸಿಕ್ಕಿಬಿಟ್ಟಿತ್ತು. ಓಡುತ್ತಲೇ ಫೋನ್ ತೆಗೆದು ಹೆಂಡತಿಗೆ ಹಚ್ಚಿದರು.

"ಕೇಳ್ತಾ ಇದೀಯಾ? ನನ್ನ ಹಿಂದೆ ನೂರು ಜನ ಬರ್ತಿದಾರೆ ಕಣೇ!"

ಆ ಕಡೆ ಪಾತ್ರೆ ಬಿದ್ದ ಸದ್ದು. "ಅಯ್ಯೋ ದೇವರೇ! ಏನ್ ಮಾಡ್ಬಿಟ್ರಿ? ಯಾಕ್ ಅಟ್ಟಿಸ್ಕೊಂಡ್ ಬರ್ತಿದಾರೆ? ಯಾವ್ದಾದ್ರೂ ಅಂಗಡಿಯೊಳಗೆ ನುಗ್ಗಿ, ಬಾಗಿಲು ಹಾಕ್ಕೊಳ್ಳಿ!"

"ಅಲ್ವೇ, ಓಟದಲ್ಲಿ! ನಾನು ಮುಂದೆ!"

"ಬಿಸಿಲು ಹತ್ತಿದೆ ನಿಮ್ಗೆ. ನೀರು ಕುಡಿದು ನೆರಳಲ್ಲಿ ಕೂತ್ಕೊಳ್ಳಿ" ಅಂತ ಫೋನ್ ಇಟ್ಟಳು.

ಅಲ್ಲಿಂದ ಮುಂದೆ ಸ್ಟೋರ್‌ಕೀಪರ್ ಬಾವುಟವನ್ನು ಹಿಡಿದ ರೀತಿಯೇ ಬೇರೆ. ಎದೆಗೆ ಅವಚಿಕೊಂಡರು. ಆ ಗಟ್ಟಿಮುಟ್ಟು ಯುವಕ ಕನಿಕರದಿಂದ, "ಕೈ ನೋಯ್ತಿರ್ಬೇಕು, ಸ್ವಲ್ಪ ದೂರ ನಾನು ಹಿಡೀತೀನಿ ಕೊಡಿ ಸಾರ್" ಅಂದಾಗ, ಬಸ್ಸಿನಲ್ಲಿ ಚೀಲಕ್ಕೆ ಕೈ ಹಾಕಿದವನನ್ನು ನೋಡುವಂತೆ ನೋಡಿದರು.

"ಬೇಡಪ್ಪಾ. ಇದು ಜವಾಬ್ದಾರಿ."

ಸುಸ್ತಾದವರನ್ನು ಕಂಡು ಇವರೇ ನಿಂತರು. ಕಾಲು ಹಿಡಿದುಕೊಂಡವರ ಕಾಲು ಒತ್ತಿದರು. "ಏನೂ ಅವಸರ ಇಲ್ಲ, ಎಲ್ಲರೂ ಸೇರ್ಕೊಂಡು ಹೋಗೋಣ" ಅಂದರು. ಹಿಂದೆ ಒಬ್ಬರು ಕಡಿಮೆಯಾದರೂ ಅವರಿಗೆ ಸಂಕಟ. ಸೋತವರನ್ನು ಹತ್ತಿಸಿಕೊಳ್ಳಲು ಬರುತ್ತಿದ್ದ ವ್ಯಾನಿನ ಬಾಗಿಲಿಗೆ ಒಬ್ಬರು ಕೈ ಹಾಕಿದಾಗ ಸ್ವತಃ ಹೋಗಿ ಕೆಳಗಿಳಿಸಿ ತಂದರು. ವ್ಯಾನಿನ ಡ್ರೈವರ್ ಆಕಳಿಸಿ ರೇಡಿಯೋ ಹಾಕಿಕೊಂಡ.

ಕಡೆಗೂ ಕಮಾನು ಕಂಡಿತು. ಈ ಸಲ ಗಾಳಿ ತುಂಬಿಕೊಂಡು ನೆಟ್ಟಗೆ ನಿಂತಿತ್ತು. ಬಾವುಟದ ಎರಡೂವರೆ ಗಂಟೆ ಯಾವ ಕಾಲದಲ್ಲೋ ಆಗಿಹೋಗಿತ್ತು, ಆದರೆ ಅದು ಯಾರಿಗೆ ಬೇಕು? ಇನ್ನು ಐವತ್ತು ಹೆಜ್ಜೆ. ಮೂವತ್ತು. ಸ್ಟೋರ್‌ಕೀಪರ್ ಹೆಂಡತಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡರು.

ಮೈಕಿನವನ ದನಿ ಬಂತು. "ಪೇಸರ್ ಬಂದ್ರು! ಸಂಪ್ರದಾಯದಂತೆ ಪೇಸರ್ ಸಾಹೇಬ್ರು ಗೆರೆ ಹತ್ತಿರ ಪಕ್ಕಕ್ಕೆ ನಿಂತು, ತಮ್ಮವರನ್ನೆಲ್ಲ ಮುಂದೆ ಕಳಿಸ್ಕೊಡ್ತಾರೆ. ಜೋರಾಗಿ ಚಪ್ಪಾಳೆ!"

ಸ್ಟೋರ್‌ಕೀಪರ್ ಕೇಳಿಸದವರಂತೆ ಇನ್ನೆರಡು ಹೆಜ್ಜೆ ಇಟ್ಟರು. ಟೀಚರಮ್ಮ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿದರು. "ನೋಡಿ ಮಕ್ಕಳಾ, ದೊಡ್ಡ ಮನಸ್ಸು ಅಂದ್ರೆ ಇದು. ಒಬ್ಬೊಬ್ಬರಾಗಿ ಹೋಗಿ, ನೂಕಬೇಡಿ."

ಮ್ಯಾನೇಜರ್ ಅಪ್ಪಿಕೊಂಡು ಹೋದರು. ಯುವಕ ಕಾಲು ಮುಟ್ಟಿ ಹೋದ. ಇವರು ಒತ್ತಿದ ಕಾಲುಗಳು ಕುಂಟಿಕೊಂಡು ಹೋದವು. ವ್ಯಾನಿನಿಂದ ಇಳಿಸಿ ತಂದವರೂ ಕೈ ಬೀಸುತ್ತಾ ಹೋದರು. ಉಳಿದವರು ಟೀಚರಮ್ಮ ಒಬ್ಬರೇ. ಸ್ಟೋರ್‌ಕೀಪರ್ ಮೆಲ್ಲಗೆ ಒಂದು ಕಾಲು ಗೆರೆಯ ಕಡೆ ಚಾಚಿದರು.

"ಮೇಡಂ, ನಾನು ಒಂದು ಹೆಜ್ಜೆ ಮುಂದೆ..."

"ಅಯ್ಯೋ, ನಂಗೋಸ್ಕರ ನಿಂತಿದೀರಾ? ತಡ ಮಾಡ್ಬಿಟ್ಟೆ" ಅಂತ ಟೀಚರಮ್ಮ ಚಿಗರೆಯಂತೆ ಹಾರಿ ದಾಟಿದರು.

ಹಿಂದೆ ಖಾಲಿ ರಸ್ತೆ. ಸ್ಟೋರ್‌ಕೀಪರ್ ಗೆರೆ ದಾಟಿ ಅಲ್ಲೇ ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚತೊಡಗಿದರು. ಕೊಟ್ಟ ಮಾತು ಮಾತೇ. ಇಲ್ಲಿಗೆ ಓಟ ಮುಗಿಯಿತು. ಹಾಗಂದುಕೊಂಡಾಗ ಅವರಿಗೆ ದುಃಖದ ಜೊತೆ, ಸುಳ್ಳು ಯಾಕೆ, ಒಂದು ಥರದ ನಿರಾಳವೂ ಆಯಿತು. ಭಾನುವಾರ ಮಲಗಬಹುದು.

ಅಷ್ಟರಲ್ಲಿ ಓಟದ ಉಸ್ತುವಾರಿಯ ಹೆಂಗಸು ಬಿರಬಿರನೆ ಬಂದರು, ಹಿಂದೆ ಮ್ಯಾನೇಜರ್. ಸ್ಟೋರ್‌ಕೀಪರ್ ಒಂದು ಬೂಟಿನಲ್ಲೇ ಎದ್ದು ನಿಂತರು.

"ಅಮ್ಮಾ, ತಪ್ಪಾಯ್ತು. ನಾನು ಪೇಸರ್ ಅಲ್ಲ."

"ಗೊತ್ತು ಸಾರ್. ಅವರನ್ನ ಈಗಷ್ಟೆ ಬಾಗಿಲು ಕಿತ್ತು ಹೊರಗೆ ತೆಗೆದ್ವಿ. ಚಿಲಕ ಸಿಕ್ಕಾಕ್ಕೊಂಡಿತ್ತು." ಅವರ ಮುಖ ಅರಳಿತ್ತು. "ಅದಿರ್ಲಿ. ಪ್ರತಿ ವರ್ಷ ಹಿಂದೆ ಬಿದ್ದೋರಲ್ಲಿ ಅರ್ಧ ಜನ ವ್ಯಾನ್ ಹತ್ತಿ ಬರ್ತಾರೆ. ಇವತ್ತು ವ್ಯಾನ್ ಖಾಲಿ! ಜನ ವ್ಯಾನ್ ನೋಡಿದ್ರೆ ಕೂತ್ಕೊಳ್ತಾರೆ, ನಿಮ್ಮನ್ನ ನೋಡಿದ್ರೆ ನಡೀತಾರೆ. ವ್ಯಾನ್ ತೆಗೆದು ಆ ಜಾಗಕ್ಕೆ ನಿಮ್ಮನ್ನೇ ಹಾಕೋಣ ಅಂತ ತೀರ್ಮಾನ ಮಾಡಿದೀವಿ. ಈ ವರ್ಷದ ಎಲ್ಲಾ ಓಟಕ್ಕೂ."

"ನಾನು ನಿಮ್ಮ ಪರವಾಗಿ ಒಪ್ಕೊಂಡಾಯ್ತು" ಅಂದರು ಮ್ಯಾನೇಜರ್. "ಕಾರ್ಖಾನೆ ಹೆಸರೂ ಬರತ್ತೆ. ಭಾನುವಾರದ್ದು ಡ್ಯೂಟಿ ಅಂದ್ಕೊಳ್ಳಿ."

ಸ್ಟೋರ್‌ಕೀಪರ್ ಬಿಚ್ಚಿದ ಬೂಟನ್ನು ಮತ್ತೆ ಕಾಲಿಗೇರಿಸಿದರು. "ಬರ್ತೀನಮ್ಮಾ. ಆದ್ರೆ ಯಾವ್ದಾದ್ರೂ ಒಂದು ಓಟದಲ್ಲಿ, ಒಂದೇ ಒಂದರಲ್ಲಿ, ನನ್ನ ಹಿಂದೆ ಒಬ್ಬರಾದ್ರೂ..."

"ಛೆ ಛೆ, ಎಲ್ಲಾದ್ರೂ ಆಗತ್ತಾ ಸಾರ್! ನಿಮ್ಮ ಹಿಂದೆ ಒಬ್ರು ಉಳಿದ್ರೂ ಕೆಲಸ ಕೆಟ್ಟ ಹಾಗೆ. ಅವರು ಮುಂದೆ ಹೋಗೋ ತನಕ ನೀವು ನಿಂತಿರ್ಬೇಕು." ಆಕೆ ಚೀಲದಿಂದ ಒಂದು ಕಿತ್ತಳೆ ಬಣ್ಣದ ಅಂಗಿ ತೆಗೆದರು. ಬೆನ್ನಿನ ಮೇಲೆ, ಅರ್ಧ ಫರ್ಲಾಂಗು ದೂರದಿಂದ ಓದಬಹುದಾದ ಅಕ್ಷರದಲ್ಲಿ, "ಇವರೇ ಕೊನೆ" ಅಂತ ಅಚ್ಚಾಗಿತ್ತು.

"ಹಾಕಿ ನೋಡಿ ಸಾರ್, ಅಳತೆ ಆಗತ್ತೋ ಇಲ್ವೋ."

ಹೊಲಿಸಿದ ಹಾಗೆ ಕೂತಿತು.