ಬಲಿಪಶುಗಳ ಪಟ್ಟಿಯಿಂದ ನಮ್ಮ ಮೇಡಮ್‌ಳನ್ನು ಬಿಡಿಸುವ ಬಗ್ಗೆ

ಇಂದ:
ಹೊಸ ರಸ್ತೆಗೆ ಹೋದ ಹೊಲದ ಮಾಜಿ ಮಾಲೀಕ,
ಬೇಲಿಯ ಈಚೆ ಮನೆ.

ಗೆ:
ಉತ್ಖನನಾಧಿಕಾರಿಗಳು,
ಬೇಲಿಯ ಆಚೆ ಡೇರೆ.

ವಿಷಯ: ನಮ್ಮ ಕತ್ತೆಯನ್ನು ಪ್ರಾಚೀನ ಬಲಿಪಶುವೆಂದು ನಮೂದಿಸಿರುವುದನ್ನು ರದ್ದುಪಡಿಸಿ, ಮೂಳೆಗಳನ್ನು ಮನೆಗೆ ಕಳುಹಿಸುವ ಕುರಿತು.

ಉಲ್ಲೇಖ: ನಿನ್ನೆ ಬೇಲಿಯ ಬಳಿ ತಮಗೂ ನನ್ನ ಹೆಂಡತಿಗೂ ನಡೆದ ಮಾತುಕತೆ (ಬೈಗುಳ ಹೊರತುಪಡಿಸಿ).

ಮಾನ್ಯರೇ,

ರಸ್ತೆ ಕೆಲಸ ಶುರುವಾಗುವ ಮುನ್ನ ಹೊಲದಲ್ಲಿ ಹಳೆಯ ಕಾಲದ ಕುರುಹು ಇದೆಯೇ ಎಂದು ತಾವು ಅಗೆಸಿದಿರಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಸಿಕ್ಕಿದ್ದು ನಮ್ಮ ಕತ್ತೆ. ಪುಸಲಾಯಿಸದೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲವಾದ ಕಾರಣ ಅವಳನ್ನು ಮೇಡಮ್ ಎಂದು ಕರೆಯುತ್ತಿದ್ದೆವು.

೧. ಗುಂಡಿಯಲ್ಲಿ ಸಿಕ್ಕ ಲೋಹದ ಕಡ್ಡಿಗಳನ್ನು ತಾವು "ಸೂರ್ಯನ ಕಿರಣಗಳು, ಆರಾಧನೆಯ ಸಾಧನ" ಎಂದು ಬರೆದಿದ್ದೀರಿ. ಅದು ನನ್ನ ಹೆಂಡತಿಯ ಕೊಡೆ. ಮೇಡಮ್‌ಗೆ ಮಳೆಯೆಂದರೆ ಜೀವಭಯ. ಮಣ್ಣು ಮಾಡುವ ದಿನ ಮೋಡ ಕವಿದಿದ್ದ ಕಾರಣ ಹೆಂಡತಿ ಕೊಡೆ ಬಿಡಿಸಿ ಜೊತೆಗಿಟ್ಟು, ತಾನು ನೆನೆದುಕೊಂಡು ಮನೆಗೆ ಬಂದಳು.

೨. ಕೊಡೆಯ ಪ್ಲಾಸ್ಟಿಕ್ ಹಿಡಿ ತೋರಿಸಿದರೆ, "ಅದು ಇಲಿ ಎಳ್ಕೊಂಡು ಬಂದಿರೋದು ಕಣ್ರೀ" ಎಂದಿರಿ. ಅಂಥ ಇಲಿ ಇದ್ದಿದ್ದರೆ ಹೊಲ ಕೊಡುತ್ತಿರಲಿಲ್ಲ, ಟಿಕೆಟ್ ಇಟ್ಟು ಇಲಿ ತೋರಿಸುತ್ತಿದ್ದೆ.

೩. ಹೆಂಡತಿ ಮೇಡಮ್‌ಗೆ ಕೊಡೆ ಹಿಡಿದು ನಿಂತಿರುವ ಫೋಟೊ ತಂದುಕೊಟ್ಟೆ. ತಾವು ಕುರ್ಚಿಯಿಂದ ಎದ್ದು, "ನೋಡಿ, ನೋಡಿ! ಆ ಆಚರಣೆ ಇವತ್ತಿಗೂ ಉಳ್ಕೊಂಡಿದೆ!" ಎಂದು ಸಹಾಯಕರನ್ನು ಕೂಗಿದಿರಿ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮೂಳೆಯ ಪೆಟ್ಟಿಗೆಗೆ ಅಂಟಿಸಿದ ಚೀಟಿಯಲ್ಲಿ "ಬಲಿ ಕೊಟ್ಟದ್ದು" ಎಂದಿರುವುದನ್ನು ಹೆಂಡತಿ ಓದಿದಳು. "ನಾನೇ ಅವಳನ್ನ ಕೊಂದೆ ಅಂತ ಬರ್ದಿದಾರಲ್ರೀ! ಕೊನೇ ಗುಟುಕು ನೀರು ಕುಡಿಸಿದ್ದು ನಾನು!" ಎಂದು ಅತ್ತವಳು ಇನ್ನೂ ಒಲೆ ಹಚ್ಚಿಲ್ಲ. ಮೇಡಮ್ ಮುಪ್ಪಿನಿಂದ, ನಮ್ಮ ಅಂಗಳದಲ್ಲಿ, ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಸತ್ತಳು. ನಾನೂ ನಿನ್ನೆಯಿಂದ ಊಟ ಬಿಟ್ಟಿದ್ದೇನೆ. ಅದು ಬರೀ ಒಲೆ ಹಚ್ಚದ ಕಾರಣಕ್ಕಲ್ಲ.

ಆದ್ದರಿಂದ ಚೀಟಿ ತಿದ್ದಿ, ಮೂಳೆಗಳನ್ನು ನಮಗೆ ಒಪ್ಪಿಸಬೇಕಾಗಿ ವಿನಂತಿ. ಹಿತ್ತಲಲ್ಲಿ ಹೊಸ ಗುಂಡಿ ತೋಡಿದ್ದೇನೆ. ದಯವಿಟ್ಟು ಅದನ್ನು ಸಂಶೋಧನೆ ಮಾಡಬಾರದು.

ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮೇಡಮ್‌ಳ ಮನೆಯವರು

ಲಗತ್ತುಗಳು:
೧. ಮೇಡಮ್‌ಗೆ ಒಲೆಯ ಬಳಿ ಹಾಸುತ್ತಿದ್ದ ಗೋಣಿಚೀಲ (ಪೆಟ್ಟಿಗೆಯೊಳಗೆ ಹಾಸಲು).
೨. ಕೊಡೆಗೆ ಹೊಸ ಬಟ್ಟೆ, ಹೆಂಡತಿ ಹೊಲಿದದ್ದು.

ವಿ.ಸೂ.: ಮೇಲಿನಿಂದ ಆದೇಶ ಬರಬೇಕು ಎನ್ನುವುದಾದರೆ ಕಾಯುತ್ತೇವೆ. ಆದರೆ ತಮ್ಮ ಡೇರೆ ಸರಿಯಾಗಿ ಅವಳ ಪೆಟ್ಟಿಗೆಯ ಮೇಲೆಯೇ ಸೋರುತ್ತಿದೆ. ಕಾರಣ, ಅಲ್ಲಿಯವರೆಗೆ ಲಗತ್ತು ೨ನ್ನು ಸೂರ್ಯನ ಕಿರಣಗಳಿಗೆ ತೊಡಿಸಿ, ಪೆಟ್ಟಿಗೆಯ ಮೇಲೆ ಬಿಡಿಸಿಡತಕ್ಕದ್ದು.