ಸಂಕೇಶ್ವರದ ಮೇಲೆ ಹಾದು ಜ್ಯೋತಿಬಾಕ್ಕೆ

೧. ಗುಟ್ಟು

ಒಂದು ಭಾನುವಾರ ಮಗಳು, ಅಳಿಯ ಕೊಲ್ಲಾಪುರದಿಂದ ಇಚಲಕರಂಜಿಗೆ ನಮ್ಮ ಮನೆಗೆ ಬಂದರು. ಚಹಾ ಆಯಿತು. ನಾನು ಪಡಸಾಲೆಯ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಎದುರಿನ ಮಂಚದ ಮೇಲೆ ಮಗ, ಸೊಸೆ, ಮಗಳು, ಅಳಿಯ ತಲೆ ಕೂಡಿಸಿದರು.

"ಸಣ್ಣಗ ಮಾತಾಡ್ರಿ," ಅಂದಳು ಮಗಳು.

"ಅಪ್ಪಗ ಕೇಳಸಂಗಿಲ್ಲ ಬಿಡ," ಅಂದ ಮಗ.

ನಿಜ. ನಲವತ್ತು ವರ್ಷ ಪವರ್‌ಲೂಮಿನ ಶೆಡ್ಡಿನಲ್ಲಿ ಜಾಬರ್ ಆಗಿದ್ದೆ. ಕೆಟ್ಟ ಮಗ್ಗ ರಿಪೇರಿ ಮಾಡುವ ಕೆಲಸ. ಕಿವಿ ಅಲ್ಲೇ ಬಿಟ್ಟು ಬಂದೆ. ಆದರೆ ಆ ಗದ್ದಲದಲ್ಲಿ ಯಾರೂ ಯಾರ ಮಾತನ್ನೂ ಕಿವಿಯಿಂದ ಕೇಳುವುದಿಲ್ಲ. ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ನಾಲ್ಕು ಮಗ್ಗದ ಆಚೆ ನಿಂತು ಬೈದವನ ಬೈಗುಳವೂ ನನಗೆ ಮುಟ್ಟುತ್ತಿತ್ತು. ಮಗ ಶೆಡ್ಡಿಗೆ ಕಾಲಿಟ್ಟವನಲ್ಲ. ಔಷಧದ ಅಂಗಡಿಯಲ್ಲಿದ್ದಾನೆ. ಅವನಿಗೆ ಇದು ಗೊತ್ತಿಲ್ಲ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಪೇಪರಿನ ಮೇಲಿಂದ ನೋಡಿದೆ. ಎಲ್ಲ ತಿಳಿಯಿತು. ಮುಂದಿನ ತಿಂಗಳು ನಮ್ಮ ಮದುವೆಗೆ ಐವತ್ತು ವರ್ಷ. ನಮ್ಮಿಬ್ಬರಿಗೆ ಹೇಳದೆ ನಮ್ಮನ್ನು ಗೋವಾಕ್ಕೆ ಕರೆದುಕೊಂಡು ಹೋಗುವುದು. ಅಳಿಯ ಹೋಟೆಲು ನೋಡಿಟ್ಟಿದ್ದ. ತೆಂಗಿನ ಮರ, ಈಜುವ ಹೊಂಡ, ಬಾಗಿಲ ಮುಂದೆ ಸಮುದ್ರ, ಒಳಗೆ ಕ್ಯಾಸಿನೊ.

"ಕ್ಯಾಸಿನೊ ಅಂದ್ರ ಏನ್ರಿ?" ಸೊಸೆ ಕೇಳಿದಳು.

"ಜೂಜಿನ ಅಡ್ಡಾ ಇದ್ದಂಗ," ಅಂದ ಅಳಿಯ. "ಆದ್ರ ಏಸಿ ಇರತೈತಿ."

ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ಮೆಂತ್ಯ ಸೋಸುತ್ತಿದ್ದಳು. ಅವಳೂ ಇಪ್ಪತ್ತು ವರ್ಷ ಅದೇ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತಿದವಳು. ಅವಳೂ ನೋಡಿದಳು. ನನ್ನ ಕಡೆ ತಿರುಗಿ ಸಪ್ಪಳವಿಲ್ಲದೆ ತುಟಿ ಆಡಿಸಿದಳು.

"ಸಮುದ್ರ?"

ಮದುವೆಯಾದ ವರ್ಷ ಅವಳಿಗೊಂದು ಮಾತು ಕೊಟ್ಟಿದ್ದೆ. ಬರುವ ದೀಪಾವಳಿ ಸೂಟಿಗೆ ಶೆಡ್ಡು ಬಂದ್ ಆದಾಗ ಸಮುದ್ರ ತೋರಿಸುತ್ತೇನೆ ಅಂದಿದ್ದೆ. ಆ ದೀಪಾವಳಿ ಇನ್ನೂ ಬಂದಿರಲಿಲ್ಲ. ಮೊದಲು ವರ್ಷಕ್ಕೊಮ್ಮೆ ಕೇಳುತ್ತಿದ್ದಳು. ಆಮೇಲೆ ಕೇಳುವುದು ಬಿಟ್ಟಳು. ಬಿಟ್ಟದ್ದೇ ಭಾರವಾಯಿತು.

ಮಗ ಎದ್ದು ಬಂದು ನನ್ನ ಕಿವಿಯಲ್ಲಿ ಒದರಿದ.

"ಅಪ್ಪಾ, ಮುಂದಿನ ತಿಂಗಳ ಜ್ಯೋತಿಬಾನ ದರ್ಶನಕ್ಕ ಹೋಗೂದೈತಿ. ಎರಡ ದಿನದ ಅರಿವಿ ಇಟ್ಕೊ."

ಜ್ಯೋತಿಬಾನ ಗುಡ್ಡಕ್ಕೆ ನಮ್ಮೂರಿಂದ ಒಂದೂವರೆ ತಾಸಿನ ದಾರಿ. ನಾನು ಹುಂ ಅಂದೆ.

೨. ಬೂಟು

ಕ್ಯಾಸಿನೊಕ್ಕೆ ಧೋತರ ನಡೆಯುವುದಿಲ್ಲವಂತೆ. ಚಪ್ಪಲಿಯೂ ನಡೆಯುವುದಿಲ್ಲ. ಅಳಿಯ ಫೋನಿನಲ್ಲಿ ನೋಡಿ ಹೇಳಿದ. ನಾನು ಅವನ ತುಟಿ ನೋಡಿ ತಿಳಿದುಕೊಂಡೆ.

ಮರುದಿನ ಮಗ ನನ್ನನ್ನು ಕೊಲ್ಲಾಪುರಕ್ಕೆ ಕರೆದುಕೊಂಡು ಹೋದ. ಮೊದಲು ಪ್ಯಾಂಟು. ನಾನು ಜೀವನದಲ್ಲಿ ಪ್ಯಾಂಟು ಹಾಕಿದವನಲ್ಲ. ಶೆಡ್ಡಿನಲ್ಲಿ ಅರ್ಧ ಚಡ್ಡಿ, ಹೊರಗೆ ಧೋತರ. ಅಂಗಡಿಯವನು ಸೊಂಟ ಅಳೆದ. ಟೇಪು ಎರಡು ಸಲ ಜಾರಿತು.

ಆಮೇಲೆ ಬೂಟಿನ ಅಂಗಡಿ. ಅಂಗಡಿಯವನು ವಯಸ್ಸಾದವನು, ಸಭ್ಯ. ಬೂಟಿನ ದಾರ ಕಟ್ಟುತ್ತಾ ಮಗನನ್ನು ಮರಾಠಿಯಲ್ಲಿ ಕೇಳಿದ, ಅಜ್ಜಾರಿಗೆ ಏನು ಕಾರ್ಯಕ್ರಮ ಅಂತ. ಮಗ ನನ್ನ ಕಡೆ ನೋಡಿದ. ನಿಜ ಹೇಳುವ ಹಾಗಿಲ್ಲ.

"ಜ್ಯೋತಿಬಾಲಾ ಚಾಲ್ಲೋಯ," ಅಂದ, ಜ್ಯೋತಿಬಾಕ್ಕೆ ಹೊರಟಿದ್ದೇವೆ ಅಂತ.

ಅಂಗಡಿಯವನ ಕೈ ದಾರದ ಮೇಲೆಯೇ ನಿಂತಿತು.

"ಜ್ಯೋತಿಬಾಲಾ? ಬೂಟ ಘಾಲೂನ?"

ದೇವರ ಗುಡ್ಡಕ್ಕೆ ಬೂಟು ಹಾಕಿಕೊಂಡು ಯಾರು ಹೋಗುತ್ತಾರೆ? ಅಂಗಡಿಯವನು ನನ್ನ ಮುಖ ನೋಡಿದ. ಪಾಪ, ಮುದುಕನಿಗೆ ಏನೋ ರೋಗ ಇರಬೇಕು ಅಂದುಕೊಂಡನೋ ಏನೋ, ಒಳಗೆ ಹಾಕುವ ಮೆತ್ತನೆ ಗಾದಿ ಒಂದು ಜೋಡಿ ಪುಕ್ಕಟೆ ಕೊಟ್ಟ.

ದೇಶದ ಮಂದಿ ಚಪ್ಪಲಿ ತರಲು ಕೊಲ್ಲಾಪುರಕ್ಕೆ ಬರುತ್ತಾರೆ. ಅಲ್ಲಿ ಚಪ್ಪಲಿ ಕಳಚಿ ಬೂಟು ಹಾಕಿಕೊಂಡು ಕುಂಟುತ್ತಾ ಬಂದವನು ನಾನೊಬ್ಬನೇ.

೩. ಹೂವಿನ ಪ್ರಸಾದ

ಸೊಸೆಯ ತವರು ಗಡಹಿಂಗ್ಲಜ. ಗೋವಾಕ್ಕೆ ಹೋಗುವ ರಸ್ತೆ ನಮ್ಮ ಬೀಗರ ಬಾಗಿಲ ಮುಂದೆಯೇ ಹಾದುಹೋಗುತ್ತದೆ. ಹೇಳದೆ ಹೋದರೆ ಸಿಟ್ಟು. ಹೇಳಿದರೆ ಬರುತ್ತಾರೆ.

ಮಗ ಫೋನಿನಲ್ಲಿ ಹೇಳಿದ. ಬೀಗರು ಉತ್ತರ ಕೊಟ್ಟರು.

"ಬೀಗರನ್ನ ಫೋನ್‌ಮ್ಯಾಲ ಕರೀತಾರೇನ್ರಿ? ನಮಗೇನ ಮಾನಾ ಇಲ್ಲೇನ?"

ಕುಂಕುಮ ಅಕ್ಕಿ ತೆಗೆದುಕೊಂಡು ಹೋಗುವುದಾಯಿತು. ಮನೆಯ ಹಿರಿಯ ನಾನು. ನಾನೇ ಕರೆಯಬೇಕು. ಎಲ್ಲಿಗೆ ಅಂತ ನನಗೆ ಗೊತ್ತಿರಬಾರದು. ಆದರೂ ಕರೆಯಬೇಕು.

ಬೀಗರ ಹಣೆಗೆ ಕುಂಕುಮ ಹಚ್ಚಿದೆ. ಅಕ್ಕಿ ಕೊಟ್ಟೆ.

"ಬರ್ರಿ," ಅಂದೆ.

"ಎಲ್ಲಿಗ್ರಿ ಬೀಗರ?" ಅಂದರು, ಬೇಕಂತಲೇ. ಮೀಸೆಯಲ್ಲಿ ನಗು.

"ಜ್ಯೋತಿಬಾಗ."

ಬೀಗರು ನಮ್ಮ ಸೊಸೆಯ ಕಡೆ ತಿರುಗಿ ಪಿಸುಗುಟ್ಟಿದರು. "ಯವ್ವಾ, ಕೊರಳಾಗ ತುಳಸಿ ಮಾಲಿ ಐತಿ. ವರ್ಷಾ ಪಂಢರಪುರಕ್ಕ ನಡಕೊಂತ ಹೋಗಾಂವ ನಾ. ಜೂಜಿನ ಅಡ್ಡಾಕ್ಕ ಹೆಂಗ ಬರಲಿ?"

"ನೀ ಆಡಬ್ಯಾಡಪಾ. ಸಮುದ್ರ ನೋಡ."

"ದೇವರನ್ನ ಕೇಳತೇನಿ."

ಅವರ ಮನೆಯ ಪದ್ಧತಿ ಅದು. ಎರಡು ಹೂ ನೀರಲ್ಲಿ ಅದ್ದಿ ಮನೆದೇವರ ಎರಡೂ ಭುಜಕ್ಕೆ ಅಂಟಿಸುವುದು. ಬಲಗಡೆಯದು ಮೊದಲು ಬಿದ್ದರೆ ಹೋಗು ಅಂತ. ಎಡಗಡೆಯದು ಬಿದ್ದರೆ ಬೇಡ ಅಂತ. ಬೀಗರು ಅಂಟಿಸಿ ಕೈ ಮುಗಿದು ಕೂತರು. ನಾವೂ ಕೂತೆವು. ಅರ್ಧ ತಾಸಾಯಿತು. ಚಹಾ ಎರಡು ಸಲ ಬಂತು. ಹೂ ಕದಲಲಿಲ್ಲ. ಸೆಕೆ ಅಂತ ಬೀಗತಿ ಫ್ಯಾನು ಹಚ್ಚಿದರು. ಎಡಗಡೆಯದು ಬಿತ್ತು.

"ಇದು ಗಾಳಿಗೆ ಬಿತ್ತು," ಅಂದರು ಬೀಗರು. ಮತ್ತೆ ಅಂಟಿಸಿದರು.

ಮತ್ತೆ ಎಡಗಡೆಯದೇ ಬಿತ್ತು.

"ಹೂವಿಗೆ ನೀರ ಕಡಿಮಿ ಆತು." ಮೂರನೆಯ ಸಲ ಎಡಗಡೆಯ ಹೂವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿದರು. ಬಲಗಡೆಯದನ್ನು ಸುಮ್ಮನೆ ಮುಟ್ಟಿಸಿದರು. ಬಲಗಡೆಯದು ಬಿತ್ತು.

"ದೇವರ ಇಚ್ಛಾ," ಅಂದು ಕಣ್ಣಿಗೆ ಒತ್ತಿಕೊಂಡರು.

ಇವರಿಗೆ ಕ್ಯಾಸಿನೊದಲ್ಲಿ ಯಾರೂ ಏನೂ ಕಲಿಸಬೇಕಾಗಿರಲಿಲ್ಲ.

೪. ಬಾಟಲಿ

ಹೊರಡುವ ಹಿಂದಿನ ದಿನ ಹೆಂಡತಿ ಚೀಲ ಕಟ್ಟಿದಳು. ಒಂದು ಸೀರೆ, ಒಂದು ಟವೆಲು, ಚಟ್ನಿಪುಡಿ, ಖಾಲಿ ಬಾಟಲಿ ಒಂದು. ಬಾಟಲಿಯನ್ನು ಮೂರು ಸಲ ತೊಳೆದಿದ್ದಳು.

"ಜ್ಯೋತಿಬಾಗ ಖಾಲಿ ಬಾಟ್ಲಿ ಯಾಕಬೇ?" ಮಗ ಕೇಳಿದ.

"ತೀರ್ಥ ತರಾಕ."

ಮಗ ಸೊಸೆಯ ಕಡೆ ತಿರುಗಿ ತುಟಿಯಲ್ಲೇ ಅಂದ: "ಅವ್ವ ಎಷ್ಟ ಮುಗ್ಧ ಅದಾಳ ನೋಡ."

ಹೆಂಡತಿ ಅದನ್ನೂ ನೋಡಿದಳು. ಬಾಟಲಿಯ ಮುಚ್ಚಳ ಬಿಗಿದಳು.

೫. ಊಟ

ಗಾಡಿ ಮುಂಜಾನೆ ಏಳಕ್ಕೆ ಹೊರಟಿತು. ಜ್ಯೋತಿಬಾ ಇರುವುದು ಕೊಲ್ಲಾಪುರದ ಆಚೆ, ಉತ್ತರಕ್ಕೆ. ಗಾಡಿ ಕಾಗಲದಲ್ಲಿ ದಕ್ಷಿಣಕ್ಕೆ ತಿರುಗಿತು. ನಾನು ಕಿಟಕಿಯ ಹೊರಗೆ ನೋಡಿದೆ. ಮಗ ಕಿವಿಯಲ್ಲಿ ಒದರಿದ.

"ರಸ್ತಾ ರಿಪೇರಿ ಐತಪಾ. ಸುತ್ತ ಹಾಕಿ ಹೊಂಟೇವಿ."

ನಿಪ್ಪಾಣಿ ಬಂತು. ಸಂಕೇಶ್ವರ ಬಂತು. ಬೋರ್ಡುಗಳೆಲ್ಲ ಕನ್ನಡವಾದವು. ಕರ್ನಾಟಕ ಹೊಕ್ಕು ಜ್ಯೋತಿಬಾಕ್ಕೆ ಹೋದ ಭಕ್ತ ನನಗಿಂತ ಮೊದಲು ಯಾರೂ ಇರಲಿಕ್ಕಿಲ್ಲ. ಹುಂ ಅಂದೆ.

ಗಡಹಿಂಗ್ಲಜದಲ್ಲಿ ಬೀಗರನ್ನು ಹತ್ತಿಸಿಕೊಳ್ಳುವುದು, ಒಂದು ಕಪ್ಪು ಚಹಾ, ಹೊರಡುವುದು. ಅಳಿಯನ ಲೆಕ್ಕ ಅದು. ಹೋಟೆಲಿನಲ್ಲಿ ಸಂಜೆ ಕೇಕು ಇದೆ, ತಡ ಆಗಬಾರದು ಅಂತ ಹತ್ತು ಸಲ ಹೇಳಿದ.

ಬೀಗತಿ ನಸುಕಿನಲ್ಲೆದ್ದು ಹೂರಣ ರುಬ್ಬಿದ್ದರು. ಹೋಳಿಗೆ, ಕಟ್ಟಿನ ಸಾರು, ಭಜಿ. ಬೇಡ ಅಂದರೆ ಅವಮಾನ. ಚಹಾ ಆಯಿತು, ಉಪ್ಪಿಟ್ಟು ಆಯಿತು, ಊಟಕ್ಕೆ ಎಲೆ ಬಿತ್ತು. ಊಟವಾದ ಮೇಲೆ ಬೀಗರ ತಮ್ಮ, ತಮ್ಮನ ಹೆಂಡತಿ, ಅವರ ಇಬ್ಬರು ಹೆಣ್ಣುಮಕ್ಕಳು ಚೀಲ ಹಿಡಿದು ಬಂದು ನಿಂತರು. ಬೀಗರು ಅವರನ್ನೂ ಕರೆದಿದ್ದರು. ಗಾಡಿಯಲ್ಲಿ ಜಾಗ ಇಲ್ಲ.

ಮಾತು ಶುರುವಾಯಿತು. ಇನ್ನೊಂದು ಗಾಡಿ ಮಾಡೋಣ ಅಂದರು. ಗಾಡಿ ನಾಳೆ ಸಿಗುತ್ತದೆ ಅಂದರು. ಅಳಿಯ ಫೋನು ಹಿಡಿದು ಅಂಗಳಕ್ಕೆ ಹೋದ. ಕೇಕು ನಾಳೆಗೆ ಇಡುತ್ತಾರಂತೆ ಅಂತ ಒಳಗೆ ಬಂದ. ಹಾಗಾದರೆ ನಾಳೆ ಹೋಗೋಣ ಅಂದ ಮಗ. ನಾಳೆ ಬೇಡ, ಅಮಾವಾಸ್ಯೆ, ನಾಡಿದ್ದು ಅಂದರು ಬೀಗರ ತಮ್ಮ. ನಾಡಿದ್ದು ನನಗೆ ಅಂಗಡಿ ಅಂದ ಮಗ. ಹಾಗಾದರೆ ಮುಂದಿನ ಸೂಟಿಯಲ್ಲಿ ನೋಡೋಣ ಅಂದರು ಯಾರೋ.

ಮಗ ಅಳಿಯನಿಗೆ ಮೆಲ್ಲಗೆ ಅಂದ: "ಅಪ್ಪಗೇನ ಗೊತ್ತಾಗತೈತ್ರಿ. ಇದ ಜ್ಯೋತಿಬಾ ಅಂದ್ರೂ ಹುಂ ಅಂತಾನ."

ಹೆಂಡತಿ ಆ ಗೋಡೆಗೆ ಹೆಂಗಸರ ನಡುವೆ ಕೂತಿದ್ದಳು. ನಾನು ಈ ಗೋಡೆಗೆ. ನಡುವೆ ಹತ್ತು ಮಂದಿ, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ನಮಗೆ ಹೊಸದಲ್ಲ. ಹತ್ತು ಮಗ್ಗ ಅಂದುಕೊಂಡರಾಯಿತು. ಅವಳು ನನ್ನನ್ನೇ ನೋಡುತ್ತಿದ್ದಳು. ತುಟಿ ಆಡಿಸಿದಳು.

"ಬರೂ ದೀಪಾವಳಿಗೇನ್ರಿ?"

ಐವತ್ತು ವರ್ಷದಲ್ಲಿ ಅವಳು ನನ್ನನ್ನು ಬೈದದ್ದು ಅಷ್ಟೇ.

"ಬಸ್ ಐತಿ," ಅಂದೆ ನಾನೂ ತುಟಿಯಲ್ಲೇ.

"ಎಲ್ಲಿಗೆ?"

"ವೆಂಗುರ್ಲಾಕ್ಕ."

"ಅಲ್ಲಿ ಸಮುದ್ರ ಐತಿ?"

"ಐತಿ. ಚೀಲಾ ತಗೋ."

ನಾನು ಎದ್ದು, "ಎಲಿ ಅಡಿಕಿ ತರತೇನಿ," ಅಂದೆ, ದೊಡ್ಡ ದನಿಯಲ್ಲಿ. ಯಾರೂ ತಿರುಗಿ ನೋಡಲಿಲ್ಲ. ಅವಳು ಹಿತ್ತಲ ಬಾಗಿಲಿಂದ ಬಂದಳು.

ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ನನ್ನ ಹೊಸ ಪ್ಯಾಂಟು, ಬೂಟು ನೋಡಿ ನನಗೆ ಮುಂದಿನ ಸೀಟು ಬಿಡಿಸಿಕೊಟ್ಟ. ಆ ಪ್ಯಾಂಟಿನಿಂದ ಆದ ಉಪಯೋಗ ಅದೊಂದೇ.

೬. ಸಪ್ಪಳ

ವೆಂಗುರ್ಲಾ ಮುಟ್ಟಿದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಮರಳಿನ ಅಂಚಿಗೆ ಬೂಟು ಕಳಚಿದೆ. ಅವಳು ಮುಂದೆ ಹೋಗಿ ನಿಂತಳು. ಬಹಳ ಹೊತ್ತು ನಿಂತಳು. ನೀರು ಬಂದು ಸೀರೆಯ ಅಂಚು ತೋಯಿಸಿ ಹೋಯಿತು. ಹಿಂದೆ ಸರಿಯಲಿಲ್ಲ.

ಅಲೆಗಳ ಸಪ್ಪಳ ಶೆಡ್ಡಿನ ಸಪ್ಪಳದ ಹಾಗೇ ಇತ್ತು. ಅವಳು ತಿರುಗಿ ರೂಢಿಯಂತೆ ತುಟಿಯಲ್ಲೇ ಕೇಳಿದಳು.

"ಇದನ್ನ ಬಂದ್ ಮಾಡೂದ ಇಲ್ಲೇನ್ರಿ?"

"ಇಲ್ಲ."

"ವಾರದ ಸೂಟಿ?"

"ಅದೂ ಇಲ್ಲ."

"ಪಾಪ," ಅಂದಳು. ಬಾಟಲಿ ತುಂಬಿಕೊಂಡಳು.

ಆಗ ಫೋನು ಬಂತು. ಕಿವಿಗೆ ಒತ್ತಿ ಹಿಡಿದೆ. ಮಗ ಒದರುತ್ತಿದ್ದ. ಹೊಸದೇನಲ್ಲ.

"ಅಪ್ಪಾ, ಎಲ್ಲಿ ಅದಿ? ಅವ್ವ ಎಲ್ಲಿ? ಊರ ತುಂಬ ಹುಡಕಾಕತ್ತೇವಿ."

"ಜ್ಯೋತಿಬಾನ ಗುಡ್ಡದಾಗ," ಅಂದೆ.

"ಅದೇನಪಾ, ಹಿಂದ ಸಪ್ಪಳ?"

"ಭಕ್ತರು."

ಹೆಂಡತಿ ನನ್ನ ತುಟಿ ನೋಡುತ್ತಿದ್ದಳು. ಮರಳಿನ ಮೇಲೆ ಕೂತುಬಿಟ್ಟಳು. ಅವಳು ಅಷ್ಟು ನಕ್ಕದ್ದು ನಾನು ನೋಡಿರಲಿಲ್ಲ.

ಆಮೇಲೆ ಮಗನಿಗೆ ನಿಜ ಹೇಳಿದೆ. ನಾಳೆ ಬಂದು ಗೋವಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದ. ನೋಡುವುದು ನೋಡಿಯಾಯಿತು, ನೀವು ಹೋಗಿ ಅಂದೆ. ಒಂದು ಖಾನಾವಳಿಯವರು ರಾತ್ರಿ ಮಲಗಲು ಮೇಲಿನ ಖೋಲಿ ಕೊಟ್ಟರು. ಮರುದಿನ ಬಸ್ಸಿನಲ್ಲಿ ಮನೆಗೆ ಬಂದೆವು.

೭. ಫೋಟೋ

ಅವರು ಅಮಾವಾಸ್ಯೆಯ ದಿನವೇ ಹೋದರು. ಬೀಗರು ಮತ್ತೊಮ್ಮೆ ಹೂ ಅಂಟಿಸಿದ್ದರಂತೆ. ಬಲಗಡೆಯದು ಒಂದೇ ಏಟಿಗೆ ಬಿತ್ತಂತೆ.

ಮುಂದಿನದನ್ನು ಮಗಳು ಹೇಳಿದಳು. ಹೋಟೆಲಿನ ಬಾಗಿಲಲ್ಲಿ ನಮ್ಮಿಬ್ಬರ ಹೆಸರು ಬರೆದ ಬೋರ್ಡು ಇತ್ತು. ಎರಡು ಹಾರ ಹಿಡಿದು ಹುಡುಗಿಯರು ನಿಂತಿದ್ದರು. ಐವತ್ತು ವರ್ಷದ ಜೋಡಿ ಎಲ್ಲಿ ಅಂತ ಕೇಳಿದರು. ಜೋಡಿ ಇಲ್ಲದಿದ್ದರೆ ಕೇಕು ಇಲ್ಲ, ದೊಡ್ಡ ಖೋಲಿಯೂ ಇಲ್ಲ. ಅಳಿಯ ಬೀಗರನ್ನೂ ಬೀಗತಿಯನ್ನೂ ಮುಂದೆ ನೂಕಿದ.

ಬೀಗರು ತಾವು ಅವರಲ್ಲ ಅಂತ ಮರಾಠಿಯಲ್ಲಿ ಹೇಳಿ ನೋಡಿದರಂತೆ. ಮುದುಕರಿಗೆ ನಾಚಿಕೆ ಅಂದುಕೊಂಡು ಹುಡುಗಿಯರು ಚಪ್ಪಾಳೆ ತಟ್ಟಿದರು. ಹಾರ ಬಿತ್ತು. ಕೇಕು ಕೊಯ್ದರು. ಬೀಗತಿ ಬೀಗರ ಬಾಯಿಗೆ ಇಟ್ಟರು. ಆಮೇಲೆ ಬೀಗರು ತುಳಸಿ ಮಾಲೆಯನ್ನು ಅಂಗಿಯ ಒಳಗೆ ಸೇರಿಸಿ ಕ್ಯಾಸಿನೊ ಹೊಕ್ಕವರು ಬೆಳಗಿನ ಚಹಾಕ್ಕೆ ಹೊರಗೆ ಬಂದರು. ಕೇಳಿದರೆ, "ನಾ ನೋಡಾಕಷ್ಟ ಹೋಗಿದ್ನಿ," ಅನ್ನುತ್ತಾರೆ.

ನಮಗೆ ಹೇಗೆ ಗೊತ್ತಾಯಿತು ಅಂತ ಮಗ ತಾಯಿಯನ್ನು ಕೇಳಿದ. ಹೇಳಿದಳು. ಈಗ ನಮ್ಮ ಮುಂದೆ ಗುಟ್ಟು ಮಾತಾಡುವಾಗ ಅವನು ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ.

ತಿಂಗಳ ಮೇಲೆ ಹೋಟೆಲಿನವರು ದೊಡ್ಡ ಫೋಟೋ ಕಟ್ಟು ಹಾಕಿಸಿ ಕಳಿಸಿದರು. ಪಡಸಾಲೆಯ ಗೋಡೆಗೆ ತೂಗುಹಾಕಿದ್ದೇವೆ. ಕೆಳಗೆ ಬಂಗಾರದ ಬಣ್ಣದಲ್ಲಿ ನಮ್ಮಿಬ್ಬರ ಹೆಸರು, ಐವತ್ತು ವರ್ಷ ಅಂತ ಬರೆದಿದೆ. ಮೇಲೆ ಬೀಗರು, ಬೀಗತಿ ಇದ್ದಾರೆ.